ಕ್ವಾರ್ಟರ್‌ಬ್ಯಾಕ್‌ಗೆ ಸಂಬಳ ಕಡಿಮೆಯಾದಾಗ: ಮೊತ್ತಕ್ಕಿಂತ ಮೊದಲು ತಾರೀಖು ನೋಡಿ

ನಮ್ಮ ಮನೆಯಿಂದ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂಗೆ ಕಾರಿನಲ್ಲಿ ಹತ್ತು ನಿಮಿಷ. 2023ರ ಋತುವಿನಲ್ಲಿ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಪರ ಬ್ರಾಕ್ ಪರ್ಡಿ ಎಂಬ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡೆಸೆದು ದಾಳಿ ನಡೆಸುವವನಾಗಿ, 4,280 ಗಜಗಳಷ್ಟು ಪಾಸ್ ಎಸೆದು, 31 ಟಚ್‌ಡೌನ್ ಕೊಡಿಸಿ, ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಕರೆದೊಯ್ದ. ಆ ವರ್ಷ ಅವನ ಮೂಲ ವೇತನ 8.7 ಲಕ್ಷ ಡಾಲರ್. ದೊಡ್ಡ ದುಡ್ಡೇ, ಇಲ್ಲ ಎನ್ನುವುದಿಲ್ಲ. ಆದರೆ ಅದೇ ಕೆಲಸಕ್ಕೆ ಬೇರೆ ತಂಡಗಳಲ್ಲಿ ವರ್ಷಕ್ಕೆ 5 ಕೋಟಿ ಡಾಲರ್ ಪಡೆಯುವವರಿದ್ದರು.

ಆಗ ಶಿವಮೊಗ್ಗದಿಂದ ಬಂದು ನಮ್ಮಲ್ಲಿದ್ದ ಮಾವನವರಿಗೆ ಆಟದ ನಿಯಮ ಅಷ್ಟಾಗಿ ತಲೆಗೆ ಹತ್ತಲಿಲ್ಲ, ಸಂಬಳದ ವಿಷಯ ಮಾತ್ರ ಕೂಡಲೇ ಹತ್ತಿತು. ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ನೋಡಿಯೇ ನಿವೃತ್ತರಾದವರು. “ಅಳಿಯಂದಿರೇ, ಇಷ್ಟು ದುಡಿಸಿಕೊಂಡು ಇಷ್ಟೇ ಕೊಡುತ್ತಾರೆಯೇ? ಬಿಟ್ಟು ಬೇರೆ ತಂಡಕ್ಕೆ ಹೋಗಬಾರದೇ?” ಎಂದು ಕೇಳಿದರು. ಹೋಗಲಾಗದು, ಕೇಳಲೂ ಆಗದು ಎಂದು ನಾನು ಹೇಳಿದಾಗ ಅವರು ನಂಬಲಿಲ್ಲ. ಅವರಿಗೆ ಬಿಡಿಸಿ ಹೇಳಲು ಹೋಗಿ ನಾನೇ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಅಮೆರಿಕನ್ ಫುಟ್‌ಬಾಲ್ ನೋಡುವ ಕನ್ನಡಿಗರಿಗೆ, ಬೇಸಿಗೆಯಿಡೀ ಬರುವ ಒಪ್ಪಂದದ ಸುದ್ದಿಗಳ ತಲೆಬುಡ ತಿಳಿಯಬೇಕೆನ್ನುವವರಿಗೆ ಇದು ಉಪಯೋಗಕ್ಕೆ ಬಂದೀತು. ಓದುವಷ್ಟು ಹೊತ್ತು ನೀವು ಆಟಗಾರನ ಪರವಾಗಿ ಮೇಜಿನ ಈ ಬದಿಯಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಕೈಯಲ್ಲಿ ಕ್ಯಾಲ್ಕುಲೇಟರ್ ಇಲ್ಲದಿದ್ದರೂ ನಡೆಯುತ್ತದೆ, ಕ್ಯಾಲೆಂಡರ್ ಇರಲೇಬೇಕು.

ಹಂತ 1: ಮಾತು ಶುರು ಮಾಡಲು ಹಕ್ಕಿದೆಯೇ?

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮೂಲಕ, ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಬಂದ ಹೊಸಬನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆ ಸಂಬಳ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ, ಚೌಕಾಸಿಗೆ ಜಾಗವಿಲ್ಲ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಿಂದ ಬಂದ ಪದ್ಧತಿ ಇದು; 2020ರ ಒಪ್ಪಂದದಲ್ಲೂ ಮುಂದುವರಿಯಿತು. ಇದರಲ್ಲಿ ನಮಗೆ ಮುಖ್ಯವಾದ ಸಾಲು ಒಂದೇ: ಡ್ರಾಫ್ಟ್ ಆದ ಆಟಗಾರನ ಮೂರನೆಯ ಋತು ಮುಗಿಯುವವರೆಗೆ ಒಪ್ಪಂದವನ್ನು ತಿದ್ದುವಂತಿಲ್ಲ. ತಂಡದ ಮಾಲೀಕ ಮನಸ್ಸು ಮಾಡಿದರೂ ಆಗದು.

ಪರ್ಡಿ 2022ರ ಡ್ರಾಫ್ಟ್‌ನಲ್ಲಿ 262ನೆಯವನು, ಕಟ್ಟಕಡೆಯವನು. ಆ ಜಾಗಕ್ಕೆ ಬಂದವನನ್ನು ‘ಲೆಕ್ಕಕ್ಕಿಲ್ಲದ ಮಹಾಶಯ’ ಎಂಬ ಅರ್ಥದ ಅಡ್ಡಹೆಸರಿನಿಂದ ಅಮೆರಿಕದವರು ಪ್ರೀತಿಯಿಂದಲೇ ಕರೆಯುತ್ತಾರೆ. 2023ರಲ್ಲಿ ಅವನು ಎಷ್ಟು ಆಡಿದರೂ 2025ರ ಜನವರಿವರೆಗೆ ಕಾಯಲೇಬೇಕಿತ್ತು. 2024ರಲ್ಲಿ ಮೂಲ ವೇತನ 9.85 ಲಕ್ಷಕ್ಕೆ ಏರಿತು, ಅಷ್ಟೇ. ಸಿಯಾಟಲ್‌ನ ರಸೆಲ್ ವಿಲ್ಸನ್ ಕಥೆಯೂ ಹೀಗೆಯೇ. 2012ರಲ್ಲಿ ಮೂರನೆಯ ಸುತ್ತಿನಲ್ಲಿ ಆಯ್ಕೆಯಾದವನು, 2014ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಆ ಋತುವಿನ ಮೂಲ ವೇತನ 5,26,217 ಡಾಲರ್. ಕ್ವಾರ್ಟರ್‌ಬ್ಯಾಕ್ ಅಗ್ಗವಾಗಿ ಸಿಕ್ಕಾಗ ಉಳಿದ ದುಡ್ಡಿನಲ್ಲಿ ತಂಡ ಒಳ್ಳೆಯ ರಕ್ಷಣಾ ಪಡೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ತಂಡಕ್ಕೆ ಅವಸರವಿಲ್ಲ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಕಡಿಮೆ ಸಂಬಳ ಅವರಿಗೆ ತಪ್ಪಿ ಆದದ್ದಲ್ಲ, ಸಿಕ್ಕ ವರ.

ಮೊದಲ ಸುತ್ತಿನಲ್ಲಿ ಆಯ್ಕೆಯಾದವನಾದರೆ ಕ್ಯಾಲೆಂಡರಿಗೆ ಇನ್ನೊಂದು ವರ್ಷ ಸೇರಿಸಿ. ಅಂಥವರ ಒಪ್ಪಂದವನ್ನು ಇನ್ನೊಂದು ವರ್ಷ ಮುಂದುವರಿಸುವ, ಐದನೆಯ ವರ್ಷದ ಆಯ್ಕೆ ಎಂಬ ಹಕ್ಕು ತಂಡದ ಕೈಯಲ್ಲಿರುತ್ತದೆ. ಉಳಿದ ಸುತ್ತುಗಳವರಿಗೆ ಅದಿಲ್ಲ. ಬದಲಿಗೆ, ಹೆಚ್ಚು ಆಡಿದ್ದರೆ ನಾಲ್ಕನೆಯ ವರ್ಷದ ವೇತನ ತಾನಾಗಿಯೇ ಏರುತ್ತದೆ. ಪರ್ಡಿಗೆ 2025ಕ್ಕೆ ಹೀಗೆ ಏರಿ ಸಿಗಬೇಕಾಗಿದ್ದದ್ದು ಸುಮಾರು 50 ಲಕ್ಷ ಡಾಲರ್.

ಹಂತ 2: ಬೆಲೆಯನ್ನು ಡಾಲರಿನಲ್ಲಿ ಅಳೆಯಬೇಡಿ

ಪ್ರತಿ ತಂಡ ಒಂದು ವರ್ಷದಲ್ಲಿ ಆಟಗಾರರ ಲೆಕ್ಕಕ್ಕೆ ಹಾಕಬಹುದಾದ ಒಟ್ಟು ಮೊತ್ತಕ್ಕೆ ಮಿತಿಯಿದೆ. ಅದೇ ಸ್ಯಾಲರಿ ಕ್ಯಾಪ್. 2015ರಲ್ಲಿ ಸುಮಾರು 14.3 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ ಆಯಿತು. ಹೀಗೆ ಏರುವ ಮಿತಿಯ ಕೆಳಗೆ ಹಳೆಯ ಒಪ್ಪಂದವನ್ನು ಹೊಸದರ ಪಕ್ಕ ಇಟ್ಟು ಡಾಲರ್ ಹೋಲಿಸಿದರೆ, 2015ರ ಬೆಂಗಳೂರಿನ ಬಾಡಿಗೆಯನ್ನು ಇವತ್ತಿನದಕ್ಕೆ ಹೋಲಿಸಿದಂತಾಗುತ್ತದೆ.

ವರ್ಷದ ಸರಾಸರಿ ಮೊತ್ತ, ಸಹಿ ಹಾಕಿದ ವರ್ಷದ ಮಿತಿಯಲ್ಲಿ ಶೇಕಡಾ ಎಷ್ಟು ಎಂದು ನೋಡಿ. 2015ರ ಜುಲೈ 31ರಂದು ವಿಲ್ಸನ್ ನಾಲ್ಕು ವರ್ಷಕ್ಕೆ 8.76 ಕೋಟಿಗೆ ಒಪ್ಪಿದ, ವರ್ಷಕ್ಕೆ 2.19 ಕೋಟಿ, ಅಂದರೆ ಮಿತಿಯ ಶೇ 15. 2024ರ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಡ್ಯಾಕ್ ಪ್ರೆಸ್ಕಾಟ್‌ಗೆ ಸಿಕ್ಕದ್ದು ವರ್ಷಕ್ಕೆ 6 ಕೋಟಿ, ಶೇ 23ಕ್ಕೂ ಹೆಚ್ಚು. 2025ರ ಮೇ ತಿಂಗಳಲ್ಲಿ ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ, ವರ್ಷಕ್ಕೆ 5.3 ಕೋಟಿ, ಸುಮಾರು ಶೇ 19. ಎರಡು ಒಪ್ಪಂದಗಳ ನಡುವೆ ಎಂಟೇ ತಿಂಗಳು, ಅದರಲ್ಲೂ ಮಿತಿ ಏರಿತ್ತು. ಹಾಗಿದ್ದೂ ಇಷ್ಟು ಅಂತರ ಏಕೆ? ಪ್ರೆಸ್ಕಾಟ್ ಹೆಚ್ಚು ಚೆನ್ನಾಗಿ ಆಡುತ್ತಾನೆಂದಲ್ಲ. ಉತ್ತರ ಮುಂದಿನ ಹಂತದಲ್ಲಿದೆ.

ಹಂತ 3: ನಿಮ್ಮವನನ್ನು ತಂಡ ಎಷ್ಟಕ್ಕೆ, ಎಷ್ಟು ವರ್ಷ ಹಿಡಿದಿಟ್ಟುಕೊಳ್ಳಬಹುದು?

ಇಡೀ ಚೌಕಾಸಿಯ ತಿರುಳು ಇದೇ ಎಂದು ನನ್ನ ಅಭಿಪ್ರಾಯ. ಇದೊಂದು ಹಂತವನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಒಪ್ಪಂದ ಮುಗಿದರೂ ಆಟಗಾರ ಬಿಡುಗಡೆಯಾಗುವುದಿಲ್ಲ. ಫ್ರಾಂಚೈಸ್ ಟ್ಯಾಗ್ ಎಂಬ ಅಸ್ತ್ರ ತಂಡದ ಬಳಿ ಇದೆ: ಪ್ರತಿ ವರ್ಷ ಒಬ್ಬ ಆಟಗಾರನಿಗೆ ಇದನ್ನು ಹಾಕಿ, ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು. ಮೊತ್ತ ಆ ಸ್ಥಾನದ ಅತಿ ಹೆಚ್ಚು ಸಂಬಳದವರ ಲೆಕ್ಕ ಹಿಡಿದು ಗೊತ್ತಾಗುತ್ತದೆ. ಎರಡನೆಯ ಬಾರಿ ಹಾಕಿದರೆ ಹಿಂದಿನದರ ಶೇ 120, ಮೂರನೆಯ ಬಾರಿ ಶೇ 144. ಟ್ಯಾಗ್ ಬಿದ್ದವನೊಡನೆ ದೀರ್ಘಾವಧಿ ಒಪ್ಪಂದ ಮಾಡಿಕೊಳ್ಳಲು ಜುಲೈ ಮಧ್ಯದವರೆಗೆ ಗಡುವು. ದಾಟಿದರೆ ಆ ವರ್ಷಕ್ಕೆ ಬಾಗಿಲು ಮುಚ್ಚಿತು.

ಪರ್ಡಿಯ ಲೆಕ್ಕ ಹಾಕೋಣ. ಸಹಿ ಹಾಕದೆ ಕುಳಿತಿದ್ದರೆ 2025ಕ್ಕೆ 50 ಲಕ್ಷ. 2026ಕ್ಕೆ ಟ್ಯಾಗ್, ಕ್ವಾರ್ಟರ್‌ಬ್ಯಾಕ್‌ಗಳಿಗೆ ಅದು 4 ಕೋಟಿ ದಾಟಿದೆ. 2027ಕ್ಕೆ ಅದರ ಶೇ 120, ಅಂದರೆ 4.8 ಕೋಟಿಯ ಮೇಲೆ. ಮೂರು ವರ್ಷಕ್ಕೆ ಒಟ್ಟು 9.3 ಕೋಟಿಯ ಆಸುಪಾಸು, ವರ್ಷಕ್ಕೆ 3.1 ಕೋಟಿ. ಫಾರ್ಟಿನೈನರ್ಸ್ ಏನೂ ಮಾತಾಡದೆ ಸುಮ್ಮನಿದ್ದರೂ ಇಷ್ಟಕ್ಕೆ ಅವನು ಸಿಗುತ್ತಿದ್ದ. 5.3 ಕೋಟಿ ಕೊಟ್ಟದ್ದು ಈ ಲೆಕ್ಕದ ಮುಂದೆ ಉದಾರವೇ, ಆದರೆ 6 ಕೋಟಿ ಕೊಡುವ ಒತ್ತಡ ಅವರ ಮೇಲಿರಲಿಲ್ಲ.

ಟ್ಯಾಗನ್ನೇ ಏಣಿ ಮಾಡಿಕೊಂಡವನು ಕರ್ಕ್ ಕಸಿನ್ಸ್. 2012ರಲ್ಲಿ ವಾಷಿಂಗ್ಟನ್ ತಂಡಕ್ಕೆ ನಾಲ್ಕನೆಯ ಸುತ್ತಿನಲ್ಲಿ ಬಂದವನು. 2016ರಲ್ಲಿ ಟ್ಯಾಗ್ ಬಿತ್ತು, 1.995 ಕೋಟಿ. 2017ರಲ್ಲಿ ಮತ್ತೆ ಬಿತ್ತು, ಶೇ 120ರ ಲೆಕ್ಕದಲ್ಲಿ 2.394 ಕೋಟಿ. ಮೂರನೆಯದಕ್ಕೆ ಶೇ 144 ಹಾಕಿದರೆ 3.4 ಕೋಟಿ ದಾಟುತ್ತಿತ್ತು. ತಂಡ ಕೈಚೆಲ್ಲಿತು. 2018ರಲ್ಲಿ ಅವನು ಮಿನೆಸೋಟ ವೈಕಿಂಗ್ಸ್‌ಗೆ ಹೋಗಿ ಮೂರು ವರ್ಷಕ್ಕೆ 8.4 ಕೋಟಿ, ಅಷ್ಟೂ ಗ್ಯಾರಂಟಿಯ ಒಪ್ಪಂದ ಪಡೆದ. ಹೆಚ್ಚೇನೂ ಹಾರಾಡದೆ, ಟ್ಯಾಗಿನ ಗುಣಾಕಾರ ತಂಡಕ್ಕೇ ಭಾರವಾಗುವವರೆಗೆ ಕಾದು ಕುಳಿತದ್ದೇ ಅವನ ಜಾಣತನ.

ಪ್ರೆಸ್ಕಾಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 2020ರಲ್ಲಿ ಅವನಿಗೆ 3.14 ಕೋಟಿಯ ಟ್ಯಾಗ್. 2021ರಲ್ಲಿ ಹಾಕಿದರೆ 3.77 ಕೋಟಿ, 2022ರಲ್ಲಿ 5.4 ಕೋಟಿ. ಡಲ್ಲಾಸ್ 2021ರ ಮಾರ್ಚ್‌ನಲ್ಲಿ ನಾಲ್ಕು ವರ್ಷಕ್ಕೆ 16 ಕೋಟಿ ಕೊಟ್ಟಿತು. ಜೊತೆಗೆ ಅವನು ಎರಡು ಷರತ್ತು ಬರೆಸಿಕೊಂಡ: ಒಪ್ಪಂದ ಮುಗಿದ ಮೇಲೆ ಟ್ಯಾಗ್ ಹಾಕುವಂತಿಲ್ಲ, ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಮಾರುವಂತಿಲ್ಲ. 2024ರಲ್ಲಿ ಮೇಜಿನ ಮುಂದೆ ಕುಳಿತಾಗ ತಂಡದ ಬತ್ತಳಿಕೆ ಖಾಲಿ. ಋತುವಿನ ಮೊದಲ ಪಂದ್ಯದ ಬೆಳಿಗ್ಗೆ, ಸೆಪ್ಟೆಂಬರ್ 8ರಂದು, ನಾಲ್ಕು ವರ್ಷಕ್ಕೆ 24 ಕೋಟಿ. ಶೇ 23 ಎಲ್ಲಿಂದ ಬಂತು ಎಂದರೆ ಮೂರು ವರ್ಷದ ಹಿಂದಿನ ಆ ಸಾಲಿನಿಂದ ಬಂತು.

ಹಂತ 4: ಕಾಯುವುದಾದರೆ ಕಾಲು ಮುರಿದರೆ ಏನು ಗತಿ ಎಂದು ಕೇಳಿಕೊಳ್ಳಿ

ಪ್ರೆಸ್ಕಾಟ್ ಕಥೆಯಲ್ಲಿ ನಾನು ಒಂದು ದಿನವನ್ನು ಹಾರಿಸಿದ್ದೆ: 2020ರ ಅಕ್ಟೋಬರ್ 11. ನ್ಯೂಯಾರ್ಕ್ ಜೈಂಟ್ಸ್ ವಿರುದ್ಧದ ಪಂದ್ಯದಲ್ಲಿ ಅವನ ಬಲಗಾಲಿನ ಹರಡು ಮುರಿದು ತಿರುಚಿ ನಿಂತಿತು. ಗಾಲಿಗಾಡಿಯ ಮೇಲೆ ಅಳುತ್ತಾ ಹೊರಗೆ ಹೋದ. ದೀರ್ಘಾವಧಿ ಒಪ್ಪಂದ ಇರಲಿಲ್ಲ, ಕೈಯಲ್ಲಿ ಇದ್ದದ್ದು ಆ ಒಂದು ವರ್ಷದ ಟ್ಯಾಗ್ ಮಾತ್ರ. ಕಾದವನಿಗೆ ಕಡೆಗೆ ಹೆಚ್ಚೇ ಸಿಕ್ಕಿತು ನಿಜ, ಆದರೆ ಎಲ್ಲರ ಹರಡೂ ಕೂಡಿಕೊಳ್ಳುವುದಿಲ್ಲ. ಪರ್ಡಿಯ ಮೊಣಕೈಯ ಸ್ನಾಯುಬಂಧ 2023ರ ಜನವರಿಯಲ್ಲಿ ಫಿಲಡೆಲ್ಫಿಯಾ ವಿರುದ್ಧ ಹರಿದಾಗ ಅವನ ಸಂಬಳ ಇನ್ನೂ ಲಕ್ಷಗಳಲ್ಲೇ ಇತ್ತು, ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎಸೆಯುವ ಕೈಯೇ ಹೋಗಿದ್ದರೆ 26.5 ಕೋಟಿಯ ಮಾತೇ ಹುಟ್ಟುತ್ತಿರಲಿಲ್ಲ.

ಹಾಗಾಗಿ ನಿಮ್ಮವನು ಕಾಯುತ್ತೇನೆ ಎಂದರೆ ಮೊದಲು ಅಂಗವೈಕಲ್ಯದ ವಿಮೆ ಮಾಡಿಸಿ. ಕಂತು ದುಬಾರಿಯೇ, ಆದರೂ ಮಾಡಿಸಿ.

ಹಂತ 5: ಒಟ್ಟು ಮೊತ್ತವನ್ನು ಮರೆತು ಮೂರು ಕಾಲಂ ಬರೆಯಿರಿ

ಮಾವನವರ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾನು ಯಾವುದೇ ಆಟಗಾರನ ಕೋಟಿಗಳ ಲೆಕ್ಕ ಹೇಳಿದರೂ ಅವರು ಕೇಳುತ್ತಿದ್ದದ್ದು ಒಂದೇ: “ಅದೆಲ್ಲ ಇರಲಿ, ಕೈಗೆ ಎಷ್ಟು, ಯಾವ ತಾರೀಖಿಗೆ?”

ಮೊದಲ ಕಾಲಂ, ಸೈನಿಂಗ್ ಬೋನಸ್. ಸಹಿಗೆ ಪ್ರತಿಯಾಗಿ ಬರುವ ಈ ದುಡ್ಡೇ ಎಲ್ಲಕ್ಕಿಂತ ಗಟ್ಟಿ. ತಂಡಕ್ಕೂ ಇದು ಅನುಕೂಲ, ಏಕೆಂದರೆ ಕೊಡುವುದು ಈಗಲಾದರೂ ಕ್ಯಾಪ್ ಲೆಕ್ಕದಲ್ಲಿ ಐದು ವರ್ಷದವರೆಗೆ ಹಂಚಿ ತೋರಿಸಬಹುದು. ಪ್ರೆಸ್ಕಾಟ್‌ನ 2021ರ ಒಪ್ಪಂದವನ್ನೇ ನೋಡಿ: ಬೋನಸ್ 6.6 ಕೋಟಿ, ಆ ವರ್ಷದ ವೇತನ 90 ಲಕ್ಷ. ಅವನ ಪಾಲಿಗೆ ಆ ವರ್ಷ ಬಂದದ್ದು 7.5 ಕೋಟಿ. ತಂಡದ ಕ್ಯಾಪ್ ಲೆಕ್ಕದಲ್ಲಿ ಬಿದ್ದದ್ದು ಬೋನಸ್ಸಿನ ಐದನೆಯ ಒಂದು ಭಾಗ 1.32 ಕೋಟಿ, ಜೊತೆಗೆ ವೇತನ, ಒಟ್ಟು 2.22 ಕೋಟಿ. ನಾಲ್ಕು ವರ್ಷದ ಒಪ್ಪಂದವನ್ನು ಐದಕ್ಕೆ ಹಂಚಿದ್ದು ಹೇಗೆ ಎಂದರೆ, ಆಡದ ವರ್ಷಗಳನ್ನು ಕಾಗದದ ಮೇಲೆ ಬಾಲದಂತೆ ಅಂಟಿಸಿ. ತಂಡ “ಕ್ಯಾಪ್‌ನಲ್ಲಿ ಜಾಗವಿಲ್ಲ” ಎಂದಾಗ ಈ ಲೆಕ್ಕ ನೆನಪಿಸಿ. ಜಾಗ ಮಾಡುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಎರಡನೆಯ ಕಾಲಂ, ಗ್ಯಾರಂಟಿ. ನಮ್ಮ ಕರ್ನಾಟಕದಲ್ಲಿ ಗ್ಯಾರಂಟಿಗಳು ಐದು. ಇಲ್ಲಿ ಎರಡನ್ನು ಬೇರ್ಪಡಿಸಿದರೆ ಸಾಕು. ಸಹಿಯಾದ ಕ್ಷಣದಿಂದಲೇ, ಗಾಯವಾದರೂ ಆಟ ಕುಂದಿ ಕೈಬಿಟ್ಟರೂ ತಪ್ಪದ್ದು ಪೂರ್ಣ ಗ್ಯಾರಂಟಿ. ಗಾಯವಾದರೆ ಮಾತ್ರ ಸಿಗುವುದು ಗಾಯದ ಗ್ಯಾರಂಟಿ. ಸುದ್ದಿಯಲ್ಲಿ ಇವೆರಡನ್ನೂ ಕೂಡಿಸಿ ಹೇಳುತ್ತಾರೆ. ಮೊದಲ ವರದಿಗಳ ಮೂಲ ಸಾಮಾನ್ಯವಾಗಿ ಏಜೆಂಟರೇ, ಅವರಿಗೆ ದೊಡ್ಡ ಅಂಕಿಯೇ ಇಷ್ಟ.

ಮೂರನೆಯ ಕಾಲಂ, ತಾರೀಖು. ಗಾಯದ ಗ್ಯಾರಂಟಿ ಪೂರ್ಣ ಗ್ಯಾರಂಟಿಯಾಗುವ ದಿನ ಒಪ್ಪಂದದಲ್ಲಿ ಬರೆದಿರುತ್ತದೆ. ಅಲ್ಲಿಯವರೆಗೆ ಅದು ನೀರಿನ ಮೇಲಿನ ಅಕ್ಷರ. ಡೆರೆಕ್ ಕಾರ್‌ನನ್ನು ಕೇಳಿ ನೋಡಿ. 2022ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ ರೈಡರ್ಸ್ ಅವನಿಗೆ ಮೂರು ವರ್ಷ, 12.15 ಕೋಟಿ ಡಾಲರಿನ ಮುಂದುವರಿಕೆ ಕೊಟ್ಟಿತು. ಪತ್ರಿಕೆಗಳ ತಲೆಬರಹಕ್ಕೆ ಒಳ್ಳೆಯ ಅಂಕಿ. ಒಳಗಿನ ಸಾಲು ಬೇರೆ ಇತ್ತು: ಸೂಪರ್ ಬೌಲ್ ಮುಗಿದ ಮೂರನೆಯ ದಿನ, 2023ರ ಫೆಬ್ರವರಿ 15ಕ್ಕೆ, ಅವನು ತಂಡದಲ್ಲಿದ್ದರೆ 4.04 ಕೋಟಿ ಗಟ್ಟಿಯಾಗುತ್ತದೆ. ಋತುವಿನ ಕೊನೆಯ ಎರಡು ಪಂದ್ಯಗಳಿಗೆ ಅವನನ್ನು ಕೂರಿಸಿದರು. ಆಡಿ ಗಾಯ ಮಾಡಿಕೊಂಡರೆ ದುಡ್ಡು ಕೊಡಬೇಕಾಗುತ್ತಿತ್ತಲ್ಲ. ಫೆಬ್ರವರಿ 14ರಂದು ಕೈಬಿಟ್ಟರು. ಪ್ರೇಮಿಗಳ ದಿನ, ಗಡುವಿಗೆ ಒಂದೇ ದಿನ ಬಾಕಿ.

ಕಾರ್ ಹಾಳಾಗಲಿಲ್ಲ ಅನ್ನಿ. ಮಾರ್ಚ್‌ನಲ್ಲಿ ಆಟಗಾರರ ಮಾರುಕಟ್ಟೆ ತೆರೆಯುವ ಮೊದಲೇ ಬಿಡುಗಡೆಯಾಗಿದ್ದರಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ಹೊಸ ಒಪ್ಪಂದ ಸಿಕ್ಕಿತು. ಇದರಿಂದ ನಾವು ಹಿಡಿಯಬೇಕಾದ ಸೂತ್ರ ಇಷ್ಟು: ಮುಂದಿನ ವರ್ಷದ ದುಡ್ಡು ಹಿಂದಿನ ವರ್ಷದ ಮಾರ್ಚ್‌ನಲ್ಲೇ ಗಟ್ಟಿಯಾಗುವಂತೆ ಬರೆಸಿ. ಆಗ ತಂಡ ಕೈಬಿಡಲು ಒಂದು ವರ್ಷ ಮೊದಲೇ ನಿರ್ಧರಿಸಬೇಕಾಗುತ್ತದೆ, ಅಷ್ಟು ಬೇಗ ಯಾರೂ ನಿರ್ಧರಿಸುವುದಿಲ್ಲ. ತಂಡ ತಾರೀಖನ್ನು ಹಿಂದಕ್ಕೆ ತರಲು ಒಪ್ಪದಿದ್ದರೆ ಒಟ್ಟು ಮೊತ್ತದಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ತರಿಸಿ. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.

ಹಂತ 6: ಮುನಿಸಿಕೊಂಡು ಮನೆಯಲ್ಲಿ ಕೂರುವ ಮುನ್ನ

ಒಂದು ಕಾಲದಲ್ಲಿ ಋತುವಿಗೆ ಮುಂಚಿನ ತರಬೇತಿ ಶಿಬಿರಕ್ಕೆ ಬಾರದೆ ಹಟ ಹಿಡಿಯುವುದು ದೊಡ್ಡ ಅಸ್ತ್ರವಾಗಿತ್ತು. 2020ರ ನಿಯಮ ಅದರ ಮೊನೆ ಮುರಿದಿದೆ. ಮೊದಲ ಒಪ್ಪಂದದಲ್ಲಿರುವವನಿಗೆ ಶಿಬಿರ ತಪ್ಪಿಸಿದ ದಿನಕ್ಕೆ 40,000 ಡಾಲರ್ ದಂಡ, ಉಳಿದವರಿಗೆ 50,000. ಹೊಸಬರ ದಂಡವನ್ನು ತಂಡ ಮನಸ್ಸು ಮಾಡಿದರೆ ಬಿಡಬಹುದು, ಉಳಿದವರದ್ದನ್ನು ಬಿಡುವಂತಿಲ್ಲ. ಹೇಳಿದ ದಿನ ಬಾರದಿದ್ದರೆ, ಯಾವ ತಂಡಕ್ಕಾದರೂ ಹೋಗಬಲ್ಲ ಮುಕ್ತ ಆಟಗಾರನಾಗಲು ಎಣಿಸುವ ಋತುಗಳಲ್ಲಿ ಒಂದು ಕೈತಪ್ಪುವ ಅಪಾಯವೂ ಇದೆ.

ಈಗಿನವರ ದಾರಿ ಬೇರೆ: ಬರುತ್ತಾರೆ, ಹಾಜರಿ ಹಾಕುತ್ತಾರೆ, ಅಭ್ಯಾಸಕ್ಕೆ ಇಳಿಯುವುದಿಲ್ಲ. 2024ರ ಜುಲೈನಲ್ಲಿ ಗ್ರೀನ್ ಬೇ ತಂಡದ ಜೋರ್ಡನ್ ಲವ್ ಹೀಗೆ ಮೈದಾನದ ಅಂಚಿನಲ್ಲಿ ನಿಂತ ಕೆಲವೇ ದಿನಗಳಲ್ಲಿ ನಾಲ್ಕು ವರ್ಷಕ್ಕೆ 22 ಕೋಟಿಯ ಒಪ್ಪಂದ ಆಯಿತು. ಪರ್ಡಿ ಅಷ್ಟೂ ಮಾಡಲಿಲ್ಲ. ಸಹಿಗೆ ಮೊದಲೇ ಏಪ್ರಿಲ್‌ನ ಐಚ್ಛಿಕ ತಾಲೀಮಿಗೆ ಬಂದು ಸೇರಿದ. ಒಳ್ಳೆಯ ಹುಡುಗ ಎನ್ನಿಸಿಕೊಳ್ಳುವುದರಿಂದ ಎಷ್ಟು ಲಾಭ, ಎಷ್ಟು ನಷ್ಟ ಎಂದು ನನಗೆ ಈಗಲೂ ಅನುಮಾನವಿದೆ.

ಹಟಕ್ಕಿಂತ ಗಡುವು ಮೇಲು. ವಿಲ್ಸನ್ 2019ರಲ್ಲಿ ಏಪ್ರಿಲ್ 15 ಎಂದು ತಾನೇ ದಿನ ಗೊತ್ತು ಮಾಡಿದ. ಆ ರಾತ್ರಿಯೇ ನಾಲ್ಕು ವರ್ಷಕ್ಕೆ 14 ಕೋಟಿ ಕುದುರಿತು. ದಿನವಿಲ್ಲದ ಮಾತುಕತೆಯಲ್ಲಿ ತಂಡದ ಕಡೆಯವರು ದೂರವಾಣಿ ಕರೆಗೂ ಸಾವಕಾಶವಾಗಿ ಉತ್ತರಿಸುತ್ತಾರೆ.

ಹಂತ 7: ಏಜೆಂಟ್ ಬೇಕೇ?

ಏಜೆಂಟರು ಆಟಗಾರರ ಸಂಘದಿಂದ ಮಾನ್ಯತೆ ಪಡೆದಿರಬೇಕು. ಅವರು ಪಡೆಯಬಹುದಾದ ಗರಿಷ್ಠ ಪಾಲು ಶೇ 3. ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ. ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ಏಜೆಂಟ್ ಇಲ್ಲದೆ, ತಾಯಿಯ ನೆರವಿನಿಂದ ತಾನೇ ಮಾತಾಡಿದ. 2023ರ ಮಾರ್ಚ್‌ನಲ್ಲಿ ಟ್ಯಾಗ್ ಬಿತ್ತು. ಬೇರೆ ತಂಡಗಳು ಬೆಲೆ ಕಟ್ಟಬಹುದಾದ ಬಗೆಯ ಟ್ಯಾಗ್ ಅದು, ಕೊಂಡವರು ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ಬಿಟ್ಟುಕೊಡಬೇಕಿತ್ತು. ಯಾರೂ ಮುಂದೆ ಬರಲಿಲ್ಲ. ತಂಡ ಬದಲಿಸಿಕೊಡಿ ಎಂದು ಕೇಳಿರುವುದಾಗಿ ಅವನು ಬಹಿರಂಗವಾಗಿ ಬರೆದ. ಕಡೆಗೆ ಏಪ್ರಿಲ್ 27ರಂದು ಐದು ವರ್ಷಕ್ಕೆ 26 ಕೋಟಿ, ಅದರಲ್ಲಿ 18.5 ಕೋಟಿ ಗ್ಯಾರಂಟಿ. ಶೇ 3ರ ಲೆಕ್ಕದಲ್ಲಿ ಉಳಿದದ್ದು 78 ಲಕ್ಷ ಡಾಲರ್.

ಉಳಿತಾಯ ಉಳಿತಾಯವೇ. ಆದರೆ ಹೊರಗಿನ ತಂಡಗಳ ಮನಸ್ಸು ತಿಳಿಯುವ ಗುಟ್ಟಿನ ಕೆಲಸ ಆಟಗಾರ ತಾನೇ ಮಾಡಿದರೆ ಕಷ್ಟ. ತನ್ನ ಮೊಣಕಾಲಿನ ಬಗ್ಗೆ, ಎಸೆತದ ಬಗ್ಗೆ ತಂಡದವರು ಎದುರಿಗೇ ಆಡುವ ಚುಚ್ಚುಮಾತನ್ನು ಕೇಳಿಸಿಕೊಂಡು ಮರುದಿನ ಅವರಿಗಾಗಿಯೇ ಆಡುವುದೂ ಸುಲಭವಲ್ಲ. ಶೇ 1.5ಕ್ಕೆ ಒಪ್ಪುವ ಒಳ್ಳೆಯ ಏಜೆಂಟ್ ಸಿಕ್ಕರೆ ಇಟ್ಟುಕೊಳ್ಳಿ.

ಹಂತ 8: ತೆರಿಗೆ

ಟೆಕ್ಸಸ್, ಫ್ಲಾರಿಡಾಗಳಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮೇಲಿನ ದರ ಶೇ 13.3. ಆಡಿದ ಪಂದ್ಯದ ರಾಜ್ಯವೂ ತನ್ನ ಪಾಲು ಕೇಳುತ್ತದೆ. ಡಲ್ಲಾಸಿನ 5 ಕೋಟಿಯೂ ಸಾಂಟಾ ಕ್ಲಾರಾದ 5 ಕೋಟಿಯೂ ಒಂದೇ ಅಲ್ಲ. ಲೆಕ್ಕಪರಿಶೋಧಕರನ್ನು ಸಹಿಗೆ ಮೊದಲು ಕರೆಯಿರಿ, ಆಮೇಲಲ್ಲ.

ಹಂತ 9: ಸಹಿಯಾದ ಮೇಲೆ ಮುಂದಿನ ತಾರೀಖು ಗುರುತಿಸಿ

ಐದು ವರ್ಷಕ್ಕೆ ಸಹಿ ಹಾಕಿದವನು ಐದು ವರ್ಷ ಸುಮ್ಮನಿರಬೇಕಾಗಿಲ್ಲ. ಮಿತಿ ಹೀಗೇ ಏರಿದರೆ ಇವತ್ತಿನ ಅತಿ ದೊಡ್ಡ ಒಪ್ಪಂದ ಮೂರು ವರ್ಷದಲ್ಲಿ ಮತ್ತೆ ಕಡಿಮೆ ಸಂಬಳವೇ. ಇನ್ನೆರಡು ವರ್ಷ ಬಾಕಿ ಇರುವಾಗ ಬಾಗಿಲು ತಟ್ಟಿ. ಕ್ಯಾಪ್ ಲೆಕ್ಕ ಭಾರವಾಗತೊಡಗಿದ ತಂಡಕ್ಕೂ ಆಗ ಹೊಸ ಸಹಿ, ಹೊಸ ಬೋನಸ್ ಬೇಕಾಗಿರುತ್ತದೆ.

ಪರ್ಡಿಯ ಒಪ್ಪಂದ 2030ರ ಋತುವಿನವರೆಗೆ ಇದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದವೂ ಅದೇ ಋತುವಿಗೆ ಮುಗಿಯುತ್ತದೆ. ಅದಾದ ಮೇಲೆ ಟ್ಯಾಗ್ ಇರುತ್ತದೋ, ಶೇ 120 ಇರುತ್ತದೋ, ಎಲ್ಲವೂ ಹೊಸ ಚರ್ಚೆ. ಅವನಿಗೆ ಆಗ ಮೂವತ್ತೊಂದು ವರ್ಷ ತುಂಬುತ್ತಿರುತ್ತದೆ. ನಾನು ಅವನ ಬದಿಯಲ್ಲಿ ಕುಳಿತಿದ್ದರೆ 2029ರ ಮಾರ್ಚ್ ಪುಟಕ್ಕೆ ಈಗಲೇ ಒಂದು ಕೆಂಪು ಸುತ್ತು ಹಾಕಿಡುತ್ತಿದ್ದೆ.